ನೊರೆಯವರು, ಆಚೆಯವರು

ನಮ್ಮ ಮನೆಯವರು ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮರುವಾರವೇ ಒಂಬತ್ತಡಿ ಉದ್ದದ ಬೋರ್ಡೊಂದನ್ನು ಹೊತ್ತು ತಂದರು. ಅದನ್ನು ಒಳಗೆ ತೂರಿಸುವಾಗ ನಡುಮನೆಯ ದೀಪ ಒಡೆಯಿತು. ಚೂರುಗಳ ನಡುವೆ ನಿಂತುಕೊಂಡೇ, "ಇನ್ಮೇಲೆ ಸರ್ಫಿಂಗ್ ಕಲೀತೀನಿ" ಎಂದರು. ಆಗ ಅವರಿಗೆ ಅರವತ್ತೆರಡು. ಈಜು ಬರುತ್ತಿತ್ತು, ಅದೊಂದೇ ಸಮಾಧಾನ.

ಅಲ್ಲಿಂದ ನಾಲ್ಕು ವರ್ಷ, ಬೆಳಗ್ಗೆ ಆರಕ್ಕೆ ಅವರು ನೀರಿಗೆ, ನಾನು ಫ್ಲಾಸ್ಕು ಟವೆಲ್ಲು ಹಿಡಿದು, ದಡದಲ್ಲಿ ಬೋರ್ಡುಗಳನ್ನಿಡುವ ಷೆಡ್ಡಿನ ಮುಂದಿನ ಬೆಂಚಿಗೆ. ಒಮ್ಮೆಯೂ ಅಲೆಗಿಳಿಯದ ನಾನು ಅಲ್ಲಿ ಕೂತು ಕಲಿತದ್ದು ಬಹಳ. ಉದ್ದ ಬೋರ್ಡಿನವರಲ್ಲಿ ಎರಡು ಪಂಗಡ. ದಡದ ಬಳಿ, ಆಗಲೇ ಒಡೆದು ಬಂದ ಬಿಳಿ ನೊರೆಯಲ್ಲಿ ಎದ್ದು ನಿಲ್ಲಲು ಹೆಣಗುವವರು ನೊರೆಯವರು. ದೂರದಲ್ಲಿ, ಇನ್ನೂ ಒಡೆಯದ ಅಲೆಗಾಗಿ ಕಾಯುತ್ತ ಕೂರುವವರು ಆಚೆಯವರು. ಷೆಡ್ಡಿನಲ್ಲೂ ಅದೇ ಲೆಕ್ಕ. ಒಡೆಯದ ಅಲೆಯ ಮೇಲೆ ಒಮ್ಮೆಯಾದರೂ ನಿಂತು ಬಂದವರ ಬೋರ್ಡಿಗೆ ಗೋಡೆಯ ಸ್ಟ್ಯಾಂಡಿನಲ್ಲಿ ಜಾಗ. ಉಳಿದವರದು ನೆಲದ ಮೇಲೆ. ನಮ್ಮವರ ಬೋರ್ಡಿಗೆ ನಾಲ್ಕು ವರ್ಷದಿಂದ ಬಕೆಟ್ಟು ಪೊರಕೆಗಳೇ ನೆರೆಹೊರೆ.

ಈ ನಿಯಮ ಮಾಡಿದವರು ಮೇಷ್ಟ್ರು. ಗಣಿತ ಹೇಳಿಕೊಟ್ಟು ನಿವೃತ್ತರಾದ, ಎಪ್ಪತ್ತರ ಹತ್ತಿರದ ಒಣಕಲು ಆಳು. ಅಲೆ ಹಿಡಿದರೆಂದರೆ ಬೋರ್ಡಿನ ಮೇಲೆ ಸಣ್ಣ ಹೆಜ್ಜೆ ಇಡುತ್ತ ಮುಂದಿನ ತುದಿಗೆ ಹೋಗಿ, ಬಸ್ಸಿಗೆ ಕಾಯುವವರ ಹಾಗೆ ಕೈ ಹಿಂದೆ ಕಟ್ಟಿ ನಿಲ್ಲುತ್ತಾರೆ. ಖುಷಿಯಾಗಿದೆಯೋ ಇಲ್ಲವೋ ಮುಖ ನೋಡಿ ಹೇಳುವಂತಿಲ್ಲ.

ಹಲ್ಲಿನ ಡಾಕ್ಟರದು ಇನ್ನೊಂದು ಬಗೆ. ಎಲ್ಲರಿಗಿಂತ ಚೆಂದದ ಬೋರ್ಡು ಅವರದು. ಕಾಲು ಜಾರದಿರಲೆಂದು ಅದಕ್ಕೆ ಮೇಣ ಉಜ್ಜುವುದರಲ್ಲೇ ಅವರ ಅರ್ಧ ಬೆಳಗು ಮುಗಿಯುತ್ತದೆ. ಒಮ್ಮೆ ಬೋರ್ಡಿನಡಿಯ ರೆಕ್ಕೆಯನ್ನು ಹಿಂದುಮುಂದಾಗಿ ಸಿಕ್ಕಿಸಿಕೊಂಡು ಹೋಗಿ, "ಇವತ್ತು ಸಮುದ್ರ ಯಾಕೋ ಸರಿಯಿಲ್ಲ" ಎಂದು ಗೊಣಗಿದ್ದರು. ಹೊಸಬರು ಯಾರೇ ಬರಲಿ, ಅವರದು ಒಂದೇ ಮಾತು: "ಛೆ, ನೀವು ನಿನ್ನೆ ಬರ್ಬೇಕಿತ್ತು! ಎಂಥಾ ಅಲೆ ಅಂತೀರಿ!" ದಿನವೂ ಅಲ್ಲೇ ಕೂರುವ ನಾನು ಆ ನಿನ್ನೆಯನ್ನು ಕಂಡದ್ದಿಲ್ಲ.

ಮತ್ತೆ ಬೇಕರಿಯಾಕೆ. ಬೆಳಗಿನ ಬ್ರೆಡ್ಡು ಬೇಯಿಸಿ ಮುಗಿಸಿ, ಮೊಣಕೈಯಲ್ಲಿ ಹಿಟ್ಟು ಅಂಟಿಸಿಕೊಂಡೇ ಓಡಿಬರುತ್ತಾಳೆ. ಅಲೆಯ ಮೇಲೆ ನಿಂತರೂ ನಗು, ತಲೆಕೆಳಗಾಗಿ ಬಿದ್ದರೂ ಅದೇ ನಗು.

ಈ ವರ್ಷ ನಮ್ಮವರ ಬಲಮಂಡಿ ಕೈಕೊಟ್ಟಿತು. ಗುರುವಾರ ಆಪರೇಷನ್ ಎಂದು ಗೊತ್ತಾಯಿತು. "ಆಮೇಲೆ ನಡೀಬಹುದು, ಈಜಬಹುದು. ಆ ಬೋರ್ಡು ಹತ್ತೋದು ಮಾತ್ರ ಮರ್ತುಬಿಡಿ" ಎಂದರು ಆಸ್ಪತ್ರೆಯಲ್ಲಿ. ವಾಪಸು ಬಂದು ಮನೆಯ ಬೀಗ ತೆಗೆಯುತ್ತ ನಮ್ಮವರು ಹೇಳಿದರು:

"ಒಂದೇ ಒಂದು ಅಲೆ ಕಣೆ. ಒಡೀದೇ ಇರೋದು. ಒಂದ್ಸಲ ನಿಂತ್ಬಿಟ್ರೆ, ಆಮೇಲೆ ಏನ್ಬೇಕಾದ್ರೂ ಕೊಯ್ಕೊಳ್ಳಲಿ."

ಬುಧವಾರದ್ದೇ ಕೊನೆಯ ಬೆಳಗು. ಮೇಷ್ಟ್ರು ಎಂದಿನಂತೆ ಮರಳ ಮೇಲೆ ಬೋರ್ಡು ಹಾಕಿಸಿ ಅಭ್ಯಾಸ ಶುರುಮಾಡಿದರು. "ಮಲಗಿ. ಏಳಿ! ಎಡಗಾಲು ಮುಂದೆ! ಎಡ, ಎಡ!" ನಮ್ಮವರು ಎದ್ದರು, ತೂರಾಡಿದರು, ಕೂತರು. ನಾಲ್ಕು ವರ್ಷದಿಂದಲೂ ಇದೇ.

"ಅಭ್ಯಾಸ ಸಾಲ್ದು" ಎಂದರು ಮೇಷ್ಟ್ರು.

ನಮ್ಮವರು ಬೋರ್ಡಿನಿಂದಿಳಿದು ಮಂಡಿ ನೀವಿಕೊಳ್ಳುತ್ತ ನಿಂತಿದ್ದಾಗ, ಹಲ್ಲಿನ ಡಾಕ್ಟರು ತಮ್ಮ ಬೋರ್ಡನ್ನು ತಲೆಯ ಮೇಲಿಟ್ಟುಕೊಂಡು ಬಂದರು. ಬೇಕರಿಯಾಕೆ ಯಾಕೋ ಕರೆದಳೆಂದು ಗಿರಕ್ಕನೆ ತಿರುಗಿದರು. ಬೋರ್ಡಿನ ಬಾಲ ನಮ್ಮವರ ಬೆನ್ನಿಗೆ ಬಡಿಯಿತು.

"ಅಯ್ಯಯ್ಯೋ! ಏನೂ ಆಗ್ಲಿಲ್ಲ ತಾನೆ?" ಎನ್ನುತ್ತ ಡಾಕ್ಟರು ಮೊದಲು ನೋಡಿದ್ದು ಬೋರ್ಡನ್ನು.

ನಮ್ಮವರು ಮುಗ್ಗರಿಸಿದ್ದರು, ಆದರೆ ಬಿದ್ದಿರಲಿಲ್ಲ. ಒಂದು ಕಾಲು ತಾನಾಗಿ ಮುಂದೆ ಹೋಗಿ ಮರಳಿನಲ್ಲಿ ಗಟ್ಟಿಯಾಗಿ ಊರಿತ್ತು. ಬಲಗಾಲು.

ಬೇಕರಿಯಾಕೆ ನಗು ನಿಲ್ಲಿಸಿದಳು. "ಅಂಕಲ್, ಹಂಗೇ ನೆಟ್ಟಗೆ ನಿಂತ್ಕೊಳ್ಳಿ" ಎಂದು ಹಿಂದಿನಿಂದ ಮೆಲ್ಲಗೆ ನೂಕಿದಳು. ಮತ್ತೆ ಬಲಗಾಲು.

"ಮೇಷ್ಟ್ರೇ, ಇವರು ನನ್ ಥರ! ಬಲಗಾಲು ಮುಂದೆ ಬರೋರು. ನೀವು ಎಡ ಎಡ ಅಂತ ಬೀಳಿಸ್ತಾ ಇದೀರ!"

"ಎಲ್ರಿಗೂ ಎಡವೇ ಅಂದ್ಕೊಂಡಿದ್ದೆ" ಎಂದರು ಮೇಷ್ಟ್ರು.

"ನಂಗೂ ಎಡ ಅಂತಾನೇ ಹೇಳಿದ್ರಿ. ನಾನು ನಿಮ್ ಮಾತು ಕೇಳ್ಲಿಲ್ಲ, ಅಷ್ಟೆ."

"ನೀವು ಹೇಳಿದ್ರಲ್ಲ, ಅದಕ್ಕೇ ಮಾಡ್ದೆ" ಎಂದರು ನಮ್ಮವರು, ತಪ್ಪು ತಮ್ಮದೇ ಎನ್ನುವಂತೆ.

ನಲವತ್ತು ವರ್ಷ ಅವರು ಬಲಗಾಲನ್ನೇ ಮೊದಲಿಟ್ಟು ಮೆಟ್ಟಿಲಿಳಿಯುವುದನ್ನು ನೋಡಿದ ನನಗಾದರೂ ಹೊಳೆಯಬೇಡವೇ?

ಬೋರ್ಡು ತೇಲಿಹೋಗದಂತೆ ಅದರ ಹಗ್ಗವನ್ನು ಹಿಂದಿನ ಕಾಲಿಗೆ ಕಟ್ಟುವುದು ವಾಡಿಕೆ. ಮೇಷ್ಟ್ರು ಮರಳಿನಲ್ಲಿ ಮೊಣಕಾಲೂರಿ, ನಮ್ಮವರ ಬಲಗಾಲಿನಿಂದ ಅದರ ಪಟ್ಟಿ ಬಿಚ್ಚಿ, ಎಡಗಾಲಿನ ಮರಳನ್ನು ತಮ್ಮ ಅಂಗೈಯಿಂದ ಒರೆಸಿ, ಕಟ್ಟಿದರು. ಬಿಗಿಯಾಯಿತೇ ಎಂದು ಎರಡು ಬಾರಿ ಬೆರಳು ತೂರಿಸಿ ನೋಡಿದರು. ನೊರೆಯವರ ಕಾಲು ಮುಟ್ಟಿದ ಮೇಷ್ಟ್ರನ್ನು ಆ ದಡ ಅದೇ ಮೊದಲು ಕಂಡದ್ದು.

"ಬನ್ನಿ, ಆಚೆ ಹೋಗೋಣ" ಎಂದರು.

ಆಚೆಯವರಲ್ಲಿ, ಅಲೆ ಒಡೆಯುವ ಜಾಗಕ್ಕೆ ಯಾರು ಹತ್ತಿರವೋ ಅಲೆ ಅವರದು. ಆ ಜಾಗ ಯಾವಾಗಲೂ ಮೇಷ್ಟ್ರದು. ಅಂದು ಮಾತ್ರ ಅವರು ಹತ್ತು ಮಾರು ಪಕ್ಕಕ್ಕೆ ಸರಿದು, ದಿಗಂತದಲ್ಲೇನೋ ಕೆಲಸವಿದ್ದಂತೆ ಅತ್ತ ನೋಡುತ್ತ ಕೂತರು.

ಮೊದಲ ಅಲೆಗೆ ನಮ್ಮವರು ಬಿದ್ದರು. ಎರಡನೆಯದಕ್ಕೂ ಬಿದ್ದರು. ಆಮೇಲೆ ಬಹಳ ಹೊತ್ತು ಬೋರ್ಡಿಗೆ ಒರಗಿಕೊಂಡು ನೀರಿನಲ್ಲೇ ಇದ್ದರು. ಮಂಡಿ ಹಿಡಿದಿರಬೇಕು. ಸಾಕು ಬನ್ನಿ ಎಂದು ಕೂಗಲು ನಾನು ಎದ್ದೂ ಆಗಿತ್ತು.

ಮೂರನೆಯದು ಬಂತು. ದೊಡ್ಡದೇನಲ್ಲ, ನಯವಾಗಿ, ಎಲ್ಲೂ ಬಿರುಕಿಲ್ಲದೆ. ಅವರು ಬೋರ್ಡಿನ ಮೇಲೆ ಮಲಗಿ ಎರಡೂ ಕೈಯಿಂದ ನೀರು ಹಿಂದಕ್ಕೆ ತಳ್ಳಿದರು. ಬೋರ್ಡು ಅಲೆಯ ಮೇಲೆ ಜಾರಿತು. ಬಲಗಾಲು ಮುಂದೆ ಬಂತು. ನನ್ನ ಗಂಡ ಎದ್ದು ನಿಂತರು. ಸೊಂಟ ಬಗ್ಗಿ, ಎರಡೂ ಕೈ ಚಾಚಿ, ಕಿರಿದಾದ ಏಣಿಯ ಮೇಲೆ ನಿಂತವರಂತೆ. ಆದರೂ ನಿಂತೇ ಇದ್ದರು. ಆಚೆ ಕಡೆ ಮೇಷ್ಟ್ರು ಎರಡೂ ಕೈಯಿಂದ ನೀರು ಬಡಿಯುತ್ತಿದ್ದರು. ಅವರಿಗೆ ಅಷ್ಟು ಹಲ್ಲಿರುವುದು ನನಗೆ ಗೊತ್ತಿರಲಿಲ್ಲ.

ದಡದಲ್ಲಿ ಜಗಳವೇ ನಡೆಯಿತು.

"ಆರು ಸೆಕೆಂಡು ನಿಂತೆ" ಎಂದರು ನಮ್ಮವರು.

"ಒಂಬತ್ತು" ಎಂದರು ಮೇಷ್ಟ್ರು.

"ಗಡಿಯಾರದ ವಿಷ್ಯ ನಂಗೆ ಹೇಳ್ಬೇಡಿ. ಆರು."

"ಲೆಕ್ಕದ ವಿಷ್ಯ ನಂಗೆ ಹೇಳ್ಬೇಡಿ. ಒಂಬತ್ತು."

"ಹದಿನೈದಕ್ಕೆ ಮೋಸ ಇಲ್ಲ" ಎಂದರು ಹಲ್ಲಿನ ಡಾಕ್ಟರು.

ಸ್ಟ್ಯಾಂಡಿನಲ್ಲಿ ಸೊಂಟದೆತ್ತರದ ಜಾಗ ಮೇಷ್ಟ್ರದು. ಅಂದು ಅವರು ತಮ್ಮ ಬೋರ್ಡನ್ನು ಎಲ್ಲಕ್ಕಿಂತ ಮೇಲಿನ ಅಡ್ಡಪಟ್ಟಿಗೆ ಏರಿಸಿದರು. ಖಾಲಿಯಾದಲ್ಲಿ ನಮ್ಮವರದನ್ನು ಇಟ್ಟರು. "ಮಂಡಿ ನೋವಿನವರು ಬಗ್ಗಬಾರ್ದು" ಎಂದಷ್ಟೇ ಹೇಳಿ ಹೊರಟರು. ಇನ್ನು ನಮ್ಮವರ ಬೋರ್ಡನ್ನು ಯಾರೂ ಇಳಿಸುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಮರುದಿನ ಹತ್ತಕ್ಕೆ ಆಪರೇಷನ್. ಷೆಡ್ಡಿನಲ್ಲಿ ಮರೆತಿದ್ದ ಟವೆಲ್ಲಿಗೆಂದು ಬೆಳಗ್ಗೆ ನಾನೊಬ್ಬಳೇ ಹೋದೆ. ಹೊಸಬನೊಬ್ಬ ಬೋರ್ಡನ್ನು ಬೋರಲು ಹಾಕಿ, ನೀರಿಗೆ ತಾಗುವ ಮೈಗೆ ಶ್ರದ್ಧೆಯಿಂದ ಮೇಣ ಉಜ್ಜುತ್ತಿದ್ದ. ಹಲ್ಲಿನ ಡಾಕ್ಟರು ನಗಲಿಲ್ಲ. ಬೋರ್ಡನ್ನು ಮೆಲ್ಲಗೆ ಮಗುಚಿ, ತಮ್ಮ ಮೇಣದ ಉಂಡೆಯನ್ನೇ ಅವನ ಕೈಗಿಟ್ಟರು.

"ಛೆ, ನೀವು ನಿನ್ನೆ ಬರ್ಬೇಕಿತ್ತು" ಎಂದರು. "ನಮ್ ವಾಚಿನವರು ಅಂತ ಒಬ್ರಿದ್ದಾರೆ. ಎಂಥಾ ಅಲೆ ಅಂತೀರಿ!"

ಆ ನಿನ್ನೆಯನ್ನು ನಾನು ಕಂಡಿದ್ದೆ. ಟವೆಲ್ಲನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸಿಗೆ ಓಡಿದೆ. ಅರಿವಳಿಕೆ ಕೊಡುವ ಮೊದಲೇ ಈ ಮಾತನ್ನು ನಮ್ಮವರಿಗೆ ಮುಟ್ಟಿಸಲೇಬೇಕಿತ್ತು.