ಹಲಗೆ ಒಣಗುವವರೆಗೆ

ಮೇಲಿನ ಮನೆಯವರು ಕುರ್ಚಿ ಎಳೆದರು, ಕರ್ರ್ ಎಂದು, ಸರಿಯಾಗಿ ಅವಳ ತಲೆಯ ಮೇಲೇ — ಅಂದರೆ ಇವತ್ತಿನಿಂದ ಅವರಿಗೆ ಎಲ್ಲ ಮಾಮೂಲು, ಇಷ್ಟು ದಿನ ಪಾಪ ಎತ್ತಿ ಎತ್ತಿ ಇಡುತ್ತಿದ್ದರು, ಮಗು ಓಡಿದರೂ ಶ್ ಶ್ ಅನ್ನುತ್ತಿದ್ದರು, ಎಷ್ಟು ದಿನ ಅಂತ ಎತ್ತಿ ಇಡುತ್ತಾರೆ, ಅವರ ಗಂಡ ಸತ್ತಿಲ್ಲವಲ್ಲ. ಅವಳು ಮಲಗಿದಲ್ಲೇ ಇನ್ನೊಂದು ಕುರ್ಚಿಗೆ ಕಾದಳು, ಅದನ್ನೂ ಎಳೆದರು, ಯಾಕೋ ಹಗುರ ಅನಿಸಿತು. ಅಡುಗೆಮನೆಯಲ್ಲಿ ಅಮ್ಮ ಎರಡು ಲೋಟ ಇಟ್ಟ ಸದ್ದು. ನೆಂಟರೆಲ್ಲ ನಿನ್ನೆ ಹೊರಟರು, ಅತ್ತೆಯನ್ನು ಮೈದುನ ಕರೆದುಕೊಂಡು ಹೋದ, ಅಮ್ಮ ಮಾತ್ರ ಉಳಿದಿದ್ದಾಳೆ, ಇವಳನ್ನು ಕರೆದುಕೊಂಡು ಹೋಗಲೆಂದೇ ಉಳಿದಿದ್ದಾಳೆ, ಬಾಯಿ ಬಿಟ್ಟು ಹೇಳುವುದಿಲ್ಲ, ತನ್ನ ಬಟ್ಟೆ ಜೋಡಿಸುವಾಗ ಪೆಟ್ಟಿಗೆಯ ಅರ್ಧ ಖಾಲಿ ಬಿಡುತ್ತಾಳೆ ಅಷ್ಟೆ. ಕಾಫಿ ಆರುತ್ತೆ, ಏಳೇ. ಎದ್ದೆ ಅಮ್ಮಾ. ಏಳಲಿಲ್ಲ. ಫೋನು ದಿಂಬಿನ ಪಕ್ಕ ಗುರ್ ಅಂದಿತು, ಗುಬ್ಬಿ, ಕ್ಲಾಸಿನಲ್ಲಿ ಅವಳ ಪಕ್ಕ ಕೂರುವವಳು, ವಿಷಯ ಬಿಡೋದಕ್ಕೆ ಇವತ್ತು ಕೊನೇ ದಿನ ಕಣೇ, ಮಧ್ಯಾಹ್ನ ಕಾಲೇಜಿನ ಆಫೀಸು ಮುಚ್ಚೋದರೊಳಗೆ ನೀನೇ ಬಂದು ಹೇಳಬೇಕು, ಬಿಟ್ಟರೆ ಅಂಕಪಟ್ಟಿಯಲ್ಲಿ ಬರಲ್ಲ, ಬಿಡದೆ ಫೇಲಾದರೆ ಬರುತ್ತೆ, ಬಂದುಬಿಡು, ಆಮೇಲೆ ಹೆಂಗೂ ನೋಡಿಕೊಳ್ಳೋಣ. ಆಮೇಲೆ ಅನ್ನುವುದು ಎಲ್ಲಿದೆ, ಲೆಕ್ಕದ ಈ ಅನಾಲಿಸಿಸ್ ವಿಷಯ ಒಂದನ್ನು ಬಿಟ್ಟರೆ ಮುಂದಿನ ವರ್ಷದ ಒಂದು ವಿಷಯಕ್ಕೂ ಕೂರಿಸುವುದಿಲ್ಲ, ಪೆಟ್ಟಿಗೆಯ ಅರ್ಧ ತುಂಬುತ್ತದೆ, ತವರಿನ ಹಿಂದಿನ ಕೋಣೆ, ಯಾರಾದರೂ ಬಂದಾಗ ಅಮ್ಮ ದನಿ ತಗ್ಗಿಸಿ ಓದುತ್ತಿದ್ದಳು ಪಾಪ ಅನ್ನುತ್ತಾಳೆ. ಬಿಡು ಎಂದು ಎಲ್ಲರೂ ಹೇಳಿದ್ದಾರೆ, ಕತ್ತರಿ ಕೂಡ ಹೇಳಿದ, ಅರ್ಧ ಅಂಕಕ್ಕೂ ಕತ್ತರಿ ಆಡಿಸುವ ಆ ಮೇಷ್ಟ್ರು ಹೆಣದ ಮುಂದೆ ಕೈ ಕಟ್ಟಿ ನಿಂತು, ಬಿಟ್ಟುಬಿಡಮ್ಮ, ಯಾರೂ ಏನೂ ಅಂದುಕೊಳ್ಳಲ್ಲ ಎಂದ, ಮೊದಲ ಸಲ ಅವನ ಬಾಯಲ್ಲಿ ಅಮ್ಮ ಅನ್ನುವ ಮಾತು, ಅವನು ಬೈದಿದ್ದರೆ ಚೆನ್ನಾಗಿತ್ತು.

ಆ ಹಲಗೆ ಶಾಲೆಯದಲ್ವಾ, ಅಮ್ಮ ಲೋಟ ಕೈಗಿಡುತ್ತಾ ಕಣ್ಣಲ್ಲೇ ಮೂಲೆ ತೋರಿಸಿದಳು, ಹೋದವನ ಹೆಸರಲ್ಲಿ ಎರವಲು ಇಟ್ಟುಕೊಳ್ಳಬಾರದು, ಹೆಂಗೂ ಕಾಲೇಜಿಗೆ ಹೋಗ್ತೀಯಲ್ಲ, ದಾರೀಲಿ ಕೊಟ್ಟು ಬಾ. ಹೌದು, ಶಾಲೆಯದು, ಡ್ರಾಯಿಂಗ್ ಮೇಷ್ಟ್ರಾದ ಗಂಡ ಶಾಲೆಯಿಂದ ಬೇರೇನು ತರುತ್ತಾನೆ, ಕಂಕುಳಲ್ಲಿ ಹಿಡಿದು ಬಂದಿದ್ದ, ತಗೋ ಮೇಡಂ, ಇನ್ನು ಗೋಡೆಗೆ ಪಾಠ ಹೇಳಬೇಡ, ನನಗೆ ಹೇಳು. ಅವನಿಗೆ ಹೇಳಿ ಹೇಳಿಯೇ ಅವಳು ಇಷ್ಟು ದೂರ ಬಂದದ್ದು, ಊಟ ಆದ ಮೇಲೆ ಅವಳು ಬರೆಯುತ್ತಾ ಹೋಗುವುದು, ಅವನು ಕಾಲು ಚಾಚಿ ಪೆನ್ಸಿಲ್ ಹೆರೆಯುತ್ತಾ ಕೂರುವುದು, ಅವನಿಗೆ ಲೆಕ್ಕ ಒಂದಕ್ಷರ ತಿಳಿಯದು, ಆದರೆ ಅವಳಿಗೇ ಗೊತ್ತಿಲ್ಲದ ಕಡೆ ಅವಳ ಮಾತು ಜೋರಾಗಿ ಓಡುತ್ತದಂತೆ, ಅಲ್ಲಿ ಚಾಕು ನಿಲ್ಲಿಸುತ್ತಿದ್ದ, ಓಡ್ತಿದ್ದೀಯ, ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ? ನಿಮಗೇನು ಗೊತ್ತು, ನಿಮಗೆ ಹನ್ನೆರಡರ ಮಗ್ಗಿ ಬರಲ್ಲ. ಮಗ್ಗಿ ಬರಲ್ಲ, ಹೆಂಡತಿ ಬರ್ತಾಳೆ. ಇನ್ನು ಯಾರಿಗೆ ಹೇಳುವುದು, ಅಮ್ಮನಿಗೆ? ಅಮ್ಮ ಎಲ್ಲದಕ್ಕೂ ಹೂಂ ಅನ್ನುತ್ತಾಳೆ. ಮೊದಲು ಶಾಲೆ, ಆಮೇಲೆ ಬಸ್ಸು, ಆಮೇಲೆ ಆಫೀಸು, ಬಿಟ್ಟಿದ್ದೇನೆ ಎಂಬ ಒಂದು ಮಾತು, ಆಮೇಲೆ ಬಂದು ಮಲಗಬಹುದು.

ಹಲಗೆಯ ಮೇಲೆ ಅವನಿದ್ದ ಕೊನೇ ರಾತ್ರಿಯ ಸಾಲು ಇನ್ನೂ ಇತ್ತು, ಒಂದು ಪ್ರಮೇಯದ ಮುಗಿಯದ ಸಾಧನೆಯ ಕೊನೆಯ ಸಾಲು, ಒಂದೇ ಅಳತೆ ಎಲ್ಲ ಬಿಂದುಗಳಿಗೂ ನಡೆಯುತ್ತದೆ. ನೋಡದೆ ಒರೆಸಿದಳು, ಒದ್ದೆ ಬಟ್ಟೆ, ಕಪ್ಪಗೆ ಹೊಳೆಯಿತು, ಹೋಯಿತು. ಮುಖ ತೊಳೆದು ಬರುವಷ್ಟರಲ್ಲಿ ಮತ್ತೆ ಬಂದಿದೆ, ಅಂಚಿನಿಂದ ಒಣಗುತ್ತಾ ಒಂದೊಂದೇ ಅಕ್ಷರ ಬಿಳಿಯಾಗಿ ಏಳುತ್ತಿದೆ. ಇನ್ನೊಮ್ಮೆ ಉಜ್ಜಿದಳು, ಸೋಪು ಹಾಕಿ ಉಜ್ಜಿದಳು, ಒಣಗಿತು, ಬಂತು. ಆಗ ನೆನಪಾಯಿತು, ವಾಸನೆ, ಅರೆನಿದ್ದೆಯಲ್ಲಿ ಮೂಗಿಗೆ ಅಡರಿದ ವಾರ್ನಿಷ್ ವಾಸನೆ, ಮಕ್ಕಳ ಚಿತ್ರದ ಬಣ್ಣ ಅಳಿಯದಂತೆ ಅವನು ಕಾಗದದ ಮೇಲೆ ಸಿಂಪಡಿಸುತ್ತಿದ್ದ ಆ ಸೀಸೆ — ಅಯ್ಯೋ ಪೆದ್ದ, ಹಲಗೆಗೆ ಯಾರಾದರೂ ಹೊಡೆಯುತ್ತಾರಾ, ಅಳಿಸಬಾರದ ಚಿತ್ರಕ್ಕೆ ಹೊಡೆಯುವುದನ್ನು ಅಳಿಸುವುದಕ್ಕೇ ಇರುವ ಹಲಗೆಗೆ ಹೊಡೆದಿದ್ದಾನೆ, ಆ ರಾತ್ರಿ ಅವಳಿಗೆ ಕಣ್ಣು ಎಳೆಯುತ್ತಿತ್ತು, ಯಾಕೆ ನಡೆಯುತ್ತೆ ಎಂದು ಕೇಳಿದ್ದ, ನಾಳೆ ಹೇಳ್ತೀನಿ ಮಲಗಿ ಎಂದಿದ್ದಳು, ನಾಳೆವರೆಗೂ ಇರಲಿ ಎಂದು ಹೊಡೆದಿದ್ದಾನೆ. ಆ ನಾಳೆ ಅವನು ಶಾಲೆಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತ, ಏಳಲಿಲ್ಲ.

ಅದೇ ಮೆಟ್ಟಿಲುಗಳು, ಹಲಗೆ ಕಂಕುಳಲ್ಲಿ, ಯಾವ ಮೆಟ್ಟಿಲೆಂದು ಅವಳು ಯಾರನ್ನೂ ಕೇಳಿಲ್ಲ, ಎಲ್ಲದರ ಮೇಲೂ ಮೆತ್ತಗೆ ಕಾಲಿಟ್ಟಳು. ಹೆಡ್‌ಮಿಸ್ ಎದುರು ಬಂದರು, ಅಯ್ಯೋ ಇದನ್ನು ಹೊತ್ತುಕೊಂಡು ಬಂದಿರಾ, ಯಾರು ಕೇಳಿದ್ದರು, ಕೂತ್ಕೊಳ್ಳಿ, ನೀರು ಕುಡೀರಿ. ಅಳಿಸಕ್ಕೆ ಆಗ್ತಿಲ್ಲ ಮಿಸ್, ಅವರು ಅದೇನೋ ಹೊಡೆದುಬಿಟ್ಟಿದ್ದಾರೆ. ಹೆಡ್‌ಮಿಸ್ ಕನ್ನಡಕ ಏರಿಸಿ ಓದಿದರು, ಒಂದೇ ಅಳತೆ ಎಲ್ಲ ಬಿಂದುಗಳಿಗೂ, ಇರಲಿ ಬಿಡಿ, ಒಳ್ಳೇ ಮಾತೇ ಬರೆದಿದ್ದೀರಲ್ಲ. ಇಲ್ಲ ಮಿಸ್, ತಪ್ಪು. ಬಾಯಿಂದ ಬಂದೇಬಿಟ್ಟಿತು. ಏನು ತಪ್ಪು? ಎಲ್ಲ ಕಡೆ ಒಂದೇ ಅಳತೆ ನಡೆಯಲ್ಲ, ಅವಳ ದನಿ ಅವಳಿಗೇ ನಿಧಾನವಾಗಿ ಕೇಳುತ್ತಿತ್ತು, ಪ್ರತಿ ಬಿಂದುವಿಗೂ ಅದರದ್ದೇ ಅಳತೆ ಇರುತ್ತೆ, ಈ ಅಂಚಿನ ಹತ್ತಿರ ಹೋದಷ್ಟೂ ಅದು ಸಣ್ಣದಾಗ್ತಾ ಹೋಗುತ್ತೆ, ಎಷ್ಟು ಸಣ್ಣದು ಇಟ್ಟುಕೊಂಡರೂ ಮುಂದಿನ ಬಿಂದುವಿಗೆ ಅದೂ ದೊಡ್ಡದೇ, ಅಂಚೂ ಲೆಕ್ಕದೊಳಗೆ ಸೇರಿದ್ದರೆ ನಡೆಯುತ್ತಿತ್ತು, ಸೇರಿಲ್ಲ, ನಾನು ಅದನ್ನು ನೋಡದೆ ಓಡಿಬಿಟ್ಟೆ. ಹೆಡ್‌ಮಿಸ್ ಅವಳ ಮುಖವನ್ನೇ ನೋಡುತ್ತಿದ್ದರು. ನನಗೆ ತಿಳಿಯಲಿಲ್ಲಮ್ಮ, ಎಂದರು, ಗಂಟೆ ಹೊಡೆಯಿತು, ಕ್ಲಾಸಿದೆ, ಡ್ರಾಯಿಂಗ್ ರೂಮಿನಲ್ಲಿ ಇಟ್ಟು ಹೋಗಿ, ಬೀಗ ಹಾಕಿಲ್ಲ.

ಬೆಂಚುಗಳು, ಬಣ್ಣದ ನೀರಿನ ಕಲೆ, ಅವನ ಕುರ್ಚಿ, ಅದರ ಬೆನ್ನಿಗೆ ಯಾರದೋ ಅಂಗಿ. ಹಲಗೆಯನ್ನು ಮೊಳೆಗೆ ತೂಗುಹಾಕಿ, ಒಪ್ಪಿಸಿದೆ ಅಂದುಕೊಂಡಳು, ಇನ್ನು ಹೊರಡಬೇಕು, ಕಿಟಕಿಯಾಚೆ ಬಸ್ಸು ಬಂತು, ಇದನ್ನು ಹತ್ತಿದರೆ ಆಫೀಸು ಮುಚ್ಚುವ ಮೊದಲು ಸಿಗುತ್ತದೆ, ಮುಂದಿನದನ್ನು ಹತ್ತಿದರೆ ಸಿಗುವುದಿಲ್ಲ, ಕಂಡಕ್ಟರು ಕೂಗಿದ, ಹೋಯಿತು, ಹೋಗಲಿ. ಅಮ್ಮ ಪೆಟ್ಟಿಗೆ ಮುಚ್ಚಿಕೊಂಡು ಒಬ್ಬಳೇ ಹೋಗಬೇಕಾಗುತ್ತದೆ, ಅಳುತ್ತಾಳೆ, ಪರೀಕ್ಷೆಗೆ ಕೂತರೆ ಕತ್ತರಿ ಅಂಕ ಕಡಿಯುತ್ತಾನೆ, ಕಡಿಯಲಿ. ಮೂಲೆಯ ನೀರಿನ ತೊಟ್ಟಿಯಲ್ಲಿ ಬಣ್ಣ ಒರೆಸುವ ಬಟ್ಟೆ ಅದ್ದಿ ಮತ್ತೊಮ್ಮೆ ಒರೆಸಿದಳು, ಕಪ್ಪು, ಬರೀ ಕಪ್ಪು, ಅದರಲ್ಲಿ ಕಿಟಕಿ, ಕಿಟಕಿಯಲ್ಲಿ ಅವಳು — ನಿಂತಳು, ಬಟ್ಟೆಯಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿದೆ, ಅಂಚು ಒಣಗುತ್ತಿದೆ, ಒಂದೇ, ಬಂತು, ಅಳತೆ, ಬಂತು, ಎಲ್ಲ —