ಓರಗಿತ್ತಿ ತಂದ ಬೆಲ್ಟು

ಮಾವಿನ ಸುಗ್ಗಿ ಮುಗಿಯುವುದರೊಳಗೆ ನಮ್ಮೂರಿನ ಸುತ್ತಮುತ್ತ ಯಾರಾದರೊಬ್ಬರು ಮರದಿಂದ ಬಿದ್ದರು ಎಂಬ ಸುದ್ದಿ ಬಂದೇ ಬರುತ್ತದೆ. ನಾವು ಹೋಗಿ ನೋಡಿಕೊಂಡು ಬರುತ್ತೇವೆ. “ಪಾಪ, ಗ್ರಹಚಾರ” ಅನ್ನುತ್ತೇವೆ. ಮಾರನೇ ದಿನ ನಮ್ಮವರನ್ನೇ ಮರ ಹತ್ತಿಸುತ್ತೇವೆ. ನಾನೂ ಹಾಗೇ ಅಂದುಕೊಂಡು ಬಂದವಳು. ಹೋದ ವರ್ಷ ನಮ್ಮ ಮನೆಯವರೇ ಬಿದ್ದರು. ಅದು ಗ್ರಹಚಾರವಲ್ಲ, ನನ್ನ ಹೊಟ್ಟೆಕಿಚ್ಚು.

ನನ್ನ ಹೆಸರು ಗಂಗಾಲಕ್ಷ್ಮಿ. ಶ್ರೀನಿವಾಸಪುರದ ಹತ್ತಿರದ ಹಳ್ಳಿ. ನಮ್ಮ ಯಜಮಾನರ ಹೆಸರು ಅಂಜಿ, ಮಾವಿನಕಾಯಿ ಕೀಳುವುದರಲ್ಲಿ ಹೆಸರು ಮಾಡಿದವರು. ಅವರ ತಮ್ಮ ಕಾಂತರಾಜ್ ಕೂಡ ಅದೇ ಕೆಲಸ ಮಾಡುತ್ತಾನೆ. ಅವನ ಹೆಂಡತಿ ಪವಿತ್ರ ನನ್ನ ಓರಗಿತ್ತಿ.

ನಾವು ಕೆಲಸಕ್ಕೆ ಹೋಗುವ ಆವಲಮ್ಮನವರ ತೋಟದಲ್ಲಿ ಒಂದು ಪದ್ಧತಿ ಇತ್ತು. ಸುಗ್ಗಿಯ ಕೊನೆಗೆ ಅಲ್ಲಿಯ ದೊಡ್ಡ ಬೇನಿಶಾ ಮಾವಿನ ಮರದ ತುದಿಕಾಯಿಯನ್ನು ಯಾರು ಕೀಳುತ್ತಾರೋ ಅವರ ಹೆಂಡತಿಗೆ ಆವಲಮ್ಮ ಎಲ್ಲರೆದುರು ಅರಿಶಿನ ಕುಂಕುಮ ಕೊಟ್ಟು ಮಡಿಲು ತುಂಬುತ್ತಿದ್ದರು. ಹತ್ತು ವರ್ಷ ನನ್ನ ಮಡಿಲೇ ತುಂಬಿತು. ಹನ್ನೊಂದನೇ ವರ್ಷ ಪವಿತ್ರಳ ಮಡಿಲು ತುಂಬಿತು. ಕಾಂತರಾಜ್ ಮೈಗೆ ಬೆಲ್ಟ್ ಹಾಕಿ, ಅದರ ಹಗ್ಗವನ್ನು ಕೊಂಬೆಗೆ ಕಟ್ಟಿಕೊಂಡು ಹತ್ತಿದ್ದ. ಬೀಳುವ ಭಯವಿಲ್ಲದೆ ಎರಡೂ ಕೈಯಲ್ಲಿ ಕೀಳುತ್ತಾ ನಮ್ಮವರಿಗಿಂತ ಮೊದಲೇ ತುದಿ ಮುಟ್ಟಿದ್ದ.

ಆವತ್ತಿನಿಂದ ಪವಿತ್ರಳನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಅವಳು ನಕ್ಕರೂ ಉರಿ, ನಗದಿದ್ದರೂ ಉರಿ.

ಹೋದ ವರ್ಷ ಸುಗ್ಗಿ ಶುರುವಾಗುವಾಗ ಅವಳೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ಹೊಸ ಬೆಲ್ಟ್ ಇತ್ತು.

“ಅಕ್ಕಾ, ನಮ್ಮ ಸಂಘದಿಂದ ಇನ್ನೊಂದು ತರಿಸಿದೀವಿ. ಬಾವಂಗೆ ಅಂತ ಇಟ್ಕೊಂಡಿದ್ದೆ, ತಗೋ.”

“ಯಾಕೆ, ಸೊಂಟಕ್ಕೆ ಒಂದು ಹಗ್ಗ ಸುತ್ಕೊಂಡ್ರೆ ಸಾಲದಾ?”

“ಸಾಲದು ಅಕ್ಕಾ. ಜಾರಿದ್ರೆ ಆ ಹಗ್ಗ ಹೊಟ್ಟೇನೇ ಅಮುಕಿಬಿಡುತ್ತೆ. ಇದು ಹೆಗಲಿಗೂ ತೊಡೆಗೂ ಬರುತ್ತೆ ನೋಡು, ಭಾರ ಎಲ್ಲಾ ಕಡೆ ಹಂಚ್ಕೊಳ್ಳುತ್ತೆ. ಇದರ ಹಗ್ಗಾನ ತಲೆಗಿಂತ ಮೇಲಿರೋ ದಪ್ಪ ಹಸಿ ಕೊಂಬೆಗೆ ಕಟ್ಬೇಕು. ಕೋಲಾರದಲ್ಲಿ ಮೂರು ದಿನ ತರಬೇತಿ ಕೊಟ್ರಲ್ಲ, ಅಲ್ಲಿ ತೋರಿಸಿದ್ರು.”

ಅವಳು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಕೋಲಾರಕ್ಕೆ ಹೋಗಿ ಬಂದವಳು ಇವಳು, ಬುದ್ಧಿ ಹೇಳಿಸಿಕೊಳ್ಳಬೇಕಾದವಳು ನಾನು!

“ನಮ್ಮೆಜಮಾನ್ರೇನು ಎಮ್ಮೇನಾ, ಹಗ್ಗ ಹಾಕಿ ಕಟ್ಟೋಕೆ? ಇಪ್ಪತ್ತು ವರ್ಷದಿಂದ ಹತ್ತುತಾವ್ರೆ, ಒಂದಿನ ಬಿದ್ದಿಲ್ಲ.”

“ಕಾಯಿ ಬಿದ್ರೆ ಜಜ್ಜೋಗುತ್ತೆ ಅಂತ ಬುಟ್ಟಿಗೆ ಹಗ್ಗ ಕಟ್ಟಿ ಮೆತ್ತಗೆ ಇಳಿಸ್ತೀವಲ್ಲ ಅಕ್ಕಾ. ಮನುಷ್ಯಂಗೆ ಬೇಡ್ವಾ?”

“ನಿನ್ನ ಗಂಡಂಗೆ ಪುಕ್ಕಲು, ಅವನಿಗೆ ಕಟ್ಟು ಹೋಗೇ.”

ಅವಳು ಬೆಲ್ಟನ್ನು ಜಗಲಿಯ ಮೇಲಿಟ್ಟು ಹೋದಳು. ನಾನು ಅದನ್ನು ತೆಗೆದು ಅಟ್ಟದ ಮೇಲೆ ಹಳೇ ಗೋಣಿಚೀಲಗಳ ಕೆಳಗೆ ತುರುಕಿದೆ. ಯಜಮಾನರು ಬಂದು, “ಪವಿತ್ರ ಏನೋ ತಂದಿದ್ಲಂತೆ?” ಎಂದು ಕೇಳಿದರು. “ಏನಿಲ್ಲ, ಸುಮ್ನೆ ಮಾತಾಡ್ಕೊಂಡು ಹೋದ್ಲು” ಅಂದೆ.

ಕೊನೆಗೆ ಆ ದೊಡ್ಡ ಮರದ ದಿನ ಬಂತು. ಹಿಂದಿನ ಸಂಜೆ ಮಳೆ ಹುಯ್ದಿತ್ತು. ಕಾಂತರಾಜ್ ಕೊಂಬೆಯನ್ನು ಕೈಯಿಂದ ಉಜ್ಜಿ ನೋಡಿದ.

“ಅಣ್ಣಾ, ಪಾಚಿ ಹಿಡಿದು ಜಾರ್ತಾ ಇದೆ. ಒಣಗಲಿ, ಆಮೇಲೆ ಹತ್ತೋಣ. ತುದೀದನ್ನ ಬೇಕಾದ್ರೆ ಬಲೆ ಕಟ್ಟಿರೋ ದೋಟೀಲಿ ಕಿತ್ರಾಯ್ತು.”

“ನನಗೇನೂ ಅರ್ಜೆಂಟಿಲ್ಲ ಕಣ್ರಪ್ಪಾ,” ಅಂದರು ಆವಲಮ್ಮ.

ನಮ್ಮವರೂ ಒಪ್ಪಿಕೊಂಡರು. ಬುಡದಲ್ಲಿ ಕೂತು ಬೀಡಿ ಹಚ್ಚಿದರು. ನೋಡಿ, ಅವರು ಕೂತಿದ್ದರು! ಹತ್ತಿರ ಹೋಗಿ ಕಿವಿಯಲ್ಲಿ ಉಸುರಿದವಳು ನಾನು.

“ತಮ್ಮ ಹೇಳಿದ್ದಕ್ಕೆ ಕೂತ್ಬಿಟ್ರಾ? ಈ ವರ್ಷಾನೂ ಅವಳ ಮಡಿಲೇ ತುಂಬಲಿ ಬಿಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ.”

ಅವರು ನನ್ನ ಮುಖ ನೋಡಿದರು. ಬೀಡಿ ಎಸೆದರು. ಹತ್ತಿದರು.

ಮೇಲಿನಿಂದ ಮೊದಲ ಬುಟ್ಟಿ ಹಗ್ಗದಲ್ಲಿ ಇಳಿದು ಬಂತು. ಒಂದು ಕಾಯಿಯೂ ಜಜ್ಜಿರಲಿಲ್ಲ. ಅವರು ತುದಿಗೆ ಏರಿದರು. ನಾನು ಮರವನ್ನು ನೋಡುತ್ತಿರಲಿಲ್ಲ. ಪವಿತ್ರಳ ಮುಖ ಹೇಗೆ ಸಣ್ಣದಾಗುತ್ತದೆ ಎಂದು ನೋಡುತ್ತಾ ನಿಂತಿದ್ದೆ. ಕೊಂಬೆ ಲಟಕ್ಕೆಂದಿತು. ಪವಿತ್ರ ಬಾಯಿ ತೆರೆದು ಕಿರುಚಿದಳು. ನನ್ನ ಗಂಡ ಬಿದ್ದದ್ದನ್ನು ನಾನು ಅವಳ ಮುಖದಲ್ಲಿ ನೋಡಿದೆ.

“ಅಯ್ಯೋ ದೇವುಡಾ” ಎಂದು ಎತ್ತಲು ಓಡಿದೆ.

“ಎತ್ಬೇಡ ಅಕ್ಕಾ! ಬೆನ್ನುಮೂಳೆಗೆ ಏಟಾಗಿದ್ರೆ ಅಲ್ಲಾಡಿಸಬಾರದು. ನೀರೂ ಕುಡಿಸ್ಬೇಡಿ,” ಎಂದು ಪವಿತ್ರ ಕೂಗಿದಳು. ನೆಲದಲ್ಲಿ ಕೂತು, ಅವರ ತಲೆ ಆಚೀಚೆ ಹೊರಳದಂತೆ ಎರಡೂ ಕೈಯಲ್ಲಿ ಹಿಡಿದಳು. ಕಾಂತರಾಜ್ 108ಕ್ಕೆ ಫೋನ್ ಮಾಡಿದ.

“ಗಂಗಾ, ಕಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಕಣೇ,” ಅಂದರು ನಮ್ಮವರು.

ನಾಚಿಕೆ ಬಿಟ್ಟು ಹೇಳುತ್ತೇನೆ. ಆಗಲೂ ನನ್ನ ಹೊಟ್ಟೆ ಉರಿಯಿತು. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಕಟ್ಟಿಕೊಂಡ ಹೆಂಡತಿಗೆ ಗೊತ್ತಿರಲಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಎರಡು ತಿಂಗಳು ಇದ್ದೆವು. ಬಿದ್ದ ಜಾಗದಲ್ಲಿ ಎಳೆದಾಡಿದ್ದರೆ ಎರಡು ಕಾಲೂ ಪೂರ್ತಿ ಹೋಗುತ್ತಿದ್ದವು ಎಂದು ಡಾಕ್ಟರು ಹೇಳಿದರು. ಒಂದು ದಿನ ತಡೆಯಲಾರದೆ ಅಟ್ಟದ ಮೇಲಿನ ಬೆಲ್ಟಿನ ವಿಷಯ ಯಜಮಾನರಿಗೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ.

“ನನಗೂ ಕಿಚ್ಚಿತ್ತು ಕಣೇ. ತಮ್ಮ ಎರಡು ಕೈ ಬಿಟ್ಟು ಕಾಯಿ ಕೀಳೋದು ನೋಡಿ, ನನಗೂ ಒಂದು ಬೆಲ್ಟ್ ಕೊಡೋ ಅಂತ ಕೇಳ್ಬೇಕು ಅಂತಿದ್ದೆ. ಚಿಕ್ಕೋನ ಹತ್ರ ಹೆಂಗೆ ಕೇಳೋದು ಅಂತ ಸುಮ್ನಾದೆ.”

ಈಗ ಅವರು ಕೋಲೂರಿಕೊಂಡು ಅಂಗಳದವರೆಗೆ ನಡೆಯುತ್ತಾರೆ. ಮರ ಹತ್ತುವುದು ಈ ಜನ್ಮಕ್ಕೇ ಮುಗಿಯಿತು. ಆವಲಮ್ಮ ಆ ಪದ್ಧತಿಯನ್ನು ನಿಲ್ಲಿಸಿದರು, ದೊಡ್ಡ ಮರದ ತುದಿಯನ್ನೂ ಕಡಿಸಿ ಗಿಡ್ಡ ಮಾಡಿಸಿದರು. ಈ ಸುಗ್ಗಿಯಲ್ಲಿ ನಮ್ಮವರನ್ನು ಆಟೋದಲ್ಲಿ ತೋಟಕ್ಕೆ ಕರೆದುಕೊಂಡು ಹೋದೆ. ಮರದ ಕೆಳಗೆ ಕೂತು ಹತ್ತುವ ಹುಡುಗರಿಗೆ, “ಲೇ, ಬೆಲ್ಟಿನ ಕೊಂಡಿ ಹಾಕಿಲ್ಲ ನೋಡೋ! ಏಣಿ ಕಟ್ಟೋ ಮೊದಲು!” ಎಂದು ಕೂಗುತ್ತಿದ್ದರು. ಏಣಿ ಹಿಡಿದುಕೊಳ್ಳುವ ಕೆಲಸ ನನ್ನದು.

ಕಿಚ್ಚು ಹೋಯಿತೇ ಗಂಗಾಲಕ್ಷ್ಮಿ ಎಂದು ಕೇಳುತ್ತೀರಾ? ಇಲ್ಲ. ಸಂಜೆಯಾದರೆ ಕಾಂತರಾಜ್ ತನ್ನ ಕಾಲಲ್ಲೇ ನಡೆದು ಮನೆಗೆ ಬರುತ್ತಾನೆ. ಪವಿತ್ರ ಕಾಲು ತೊಳೆಯಲು ನೀರು ಕೊಡುತ್ತಾಳೆ. ಅದನ್ನು ನೋಡಿದಾಗ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಮಡಿಲಕ್ಕಿಗೆ ಪಟ್ಟ ಕಿಚ್ಚು ಇದರ ಮುಂದೆ ಏನೂ ಅಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಉರಿ ನಿಮಗೆ ಬೇಡ. ನೆಲದಿಂದ ದೋಟಿಯಲ್ಲಿ ಸಿಗುವ ಕಾಯಿಗೆ ಮರ ಹತ್ತಬೇಡಿ. ಹತ್ತಲೇಬೇಕಾದರೆ ಹೆಗಲಿಗೂ ತೊಡೆಗೂ ಬರುವ ಬೆಲ್ಟ್ ಹಾಕಿ, ಗಟ್ಟಿ ಕೊಂಬೆಗೆ ಕಟ್ಟಿಕೊಳ್ಳಿ. ಮರ ಒದ್ದೆಯಾಗಿದ್ದರೆ, ಹತ್ತಿರ ಕರೆಂಟ್ ತಂತಿ ಇದ್ದರೆ, ಕುಡಿದಿದ್ದರೆ ಮರದ ತಂಟೆಗೇ ಹೋಗಬೇಡಿ. ಯಾರಾದರೂ ಬಿದ್ದರೆ ಎತ್ತಿ ಕೂರಿಸಬೇಡಿ, 108ಕ್ಕೆ ಫೋನ್ ಮಾಡಿ. ಬೆಲ್ಟನ್ನು ದಾಯಾದಿ ಕೊಟ್ಟರೂ ಈಸಿಕೊಳ್ಳಿ, ಓರಗಿತ್ತಿ ಕೊಟ್ಟರೂ ಈಸಿಕೊಳ್ಳಿ. ಕೈ ಚಾಚಿದರೆ ಮಾನ ಹೋಗುವುದಿಲ್ಲ. ಚಾಚದೆ ನಾವು ಕಳೆದುಕೊಂಡದ್ದು ನಮ್ಮ ಅಂಗಳದಲ್ಲಿ ಕೋಲೂರಿ ನಿಂತಿದೆ, ಬಂದು ನೋಡಿ.