ನೀಲಗಂಗವ್ವನ ಮನೆಯ ಬಿದಿರು ಬುಟ್ಟಿ

ನಾನು ಒಂದು ಬಿದಿರಿನ ಬುಟ್ಟಿ. ಬೆಳೆದದ್ದು ಹಳಿಯಾಳದ ಕಡೆಯ ಕಾಡಿನಲ್ಲಿ, ಬುಟ್ಟಿಯಾದದ್ದು ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ. ಅಲ್ಲಿ ಒಬ್ಬ ಹೆಂಗಸು ನನ್ನನ್ನು ಸೀಳಿ, ನೀರಿನಲ್ಲಿ ನೆನೆಸಿ, ಮೊಣಕಾಲುಗಳ ನಡುವೆ ಹಿಡಿದು ಹೆಣೆದಳು. ಹೆಣೆಯುತ್ತಲೇ ಪಕ್ಕದ ಮನೆಯವಳ ಜೊತೆ ನಲ್ಲಿ ನೀರಿಗಾಗಿ ಜಗಳವಾಡಿದಳು. ಜಗಳವೂ ನಿಲ್ಲಲಿಲ್ಲ, ಹೆಣಿಗೆಯೂ ತಪ್ಪಲಿಲ್ಲ. ಅಂಚು ಕಟ್ಟಿದ ಮೇಲೆ ನನ್ನನ್ನು ಬೋರಲು ಹಾಕಿ ತಾನೇ ಮೇಲೆ ಕುಳಿತು ನೋಡಿದಳು. ನಾನು ತಡೆದುಕೊಂಡೆ.

ನನ್ನನ್ನು ಕೊಂಡವಳು ನೀಲಗಂಗವ್ವ. ಗಂಡ ತೀರಿದ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು, ಮಗ ವೀರೇಶನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ಬೆಳಕು ಹರಿಯುವ ಹೊತ್ತಿಗೆ ನನ್ನೊಳಗೆ ಬಿಳಿ ಬಟ್ಟೆ ಹಾಸಿ ಬಿಸಿ ರೊಟ್ಟಿ ಪೇರಿಸುತ್ತಿದ್ದಳು. ಆ ಬಿಸಿಗೆ ನನ್ನ ಎಳೆಗಳು ಕಂದಿ ಜೇನಿನ ಬಣ್ಣಕ್ಕೆ ತಿರುಗಿದವು. ಮುಂದೆ ವೀರೇಶ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ, ಮದುವೆಯಾದ, ತಾಯಿಯ ರೊಟ್ಟಿ ವ್ಯಾಪಾರ ನಿಲ್ಲಿಸಿದ. ನಾನು ಅಟ್ಟ ಸೇರಿದೆ.

ಅಟ್ಟದಿಂದ ಇಡೀ ಮನೆ ಕಾಣುತ್ತಿತ್ತು. ಕೆಟ್ಟವರು ಯಾರೂ ಇರಲಿಲ್ಲ, ಆದರೆ ಯಾವ ಸಾಮಾನಿಗೂ ಜಾಗ ಅಂತ ಇರಲಿಲ್ಲ. ವೀರೇಶ ಹೆಲ್ಮೆಟ್ಟನ್ನು ಕೈ ಸೋತಲ್ಲಿ ಇಡುತ್ತಿದ್ದ. ಶಾಲೆಯಲ್ಲಿ ಟೀಚರಾಗಿದ್ದ ಸೊಸೆ ಸುವರ್ಣಾ ಬೆಳಿಗ್ಗೆ ಹೊರಡುವಾಗ ಪಿನ್ನು, ಚಾರ್ಜರು, ಬೀಗದ ಕೈ ಎಂದು ಮೂರೂ ಕೋಣೆ ಸುತ್ತುತ್ತಿದ್ದಳು. ಮೊಮ್ಮಗಳು ಅಕ್ಷತಾಳ ಚೀಲ ಬಾಗಿಲಲ್ಲಿ, ಚಪ್ಪಲಿ ನಡುಮನೆಯಲ್ಲಿ. ಹುಡುಕಾಟ ಕೂಗಾಟವಾಗುತ್ತಿತ್ತು, ಕೂಗಾಟದಲ್ಲೇ ಮೂವರೂ ಹೊರಡುತ್ತಿದ್ದರು.

ಅಷ್ಟರಲ್ಲಿ ನೀಲಗಂಗವ್ವನ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ಅವಳು ಯಾರ ಮುಂದೆಯೂ ಅಳಲಿಲ್ಲ. ಗೋಡೆ ಮುಟ್ಟುತ್ತ, ಹೆಜ್ಜೆ ತಡವುತ್ತ ಓಡಾಡಿದಳು. ಒಂದು ಸಂಜೆ ಬಾಗಿಲಲ್ಲಿದ್ದ ಶಾಲೆಯ ಚೀಲಕ್ಕೆ ಕಾಲು ತಾಗಿ ಮುಗ್ಗರಿಸಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅವಳು ಮಂಚ ಬಿಟ್ಟು ಏಳಲಿಲ್ಲ. ಬಚ್ಚಲಿಗೆ ಹೋಗಲು ಯಾರಾದರೂ ಕೈ ಹಿಡಿಯುವವರೆಗೆ ಕಾಯುತ್ತಿದ್ದಳು. ಮತ್ತೆ ಮತ್ತೆ ಕರೆಯಬಾರದೆಂದು ನೀರು, ಊಟ ಎರಡನ್ನೂ ಕಡಿಮೆ ಮಾಡಿದಳು. ಒಂದು ದಿನ ಮಗನನ್ನು ಕರೆದು ಹೇಳಿದಳು:

"ವೀರೇಶಾ, ನನ್ನ ಎಲ್ಲರೆ ಆಶ್ರಮದಾಗ ಬಿಟ್ಟು ಬಾ. ಈ ಮನ್ಯಾಗ ನಾ ಎಲ್ಲಾರ ಕಾಲಿಗೆ ತೊಡಕಾಗೇನಿ."

ವೀರೇಶ ತಲೆ ತಗ್ಗಿಸಿ ಹೊರಗೆ ಹೋದ. ಮಾತು ಕೇಳಿದ ಸುವರ್ಣಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವಳಿಗೆ ಸಿಟ್ಟು ಬಂದಿತ್ತು.

"ತೊಡಕು ನೀವಲ್ಲ ಅತ್ತೀ. ಬಾಗಲದಾಗ ಚೀಲ ಇಟ್ಟವ್ರು ನಾವು. ನಿಮ್ಮನ್ನ ಹೊರಗ ಹಾಕೂದಕ್ಕಿಂತ ಚೀಲಕ್ಕೊಂದು ಮೊಳೆ ಹೊಡಿಯೂದು ಸುಲಭ ಐತಿ."

ಮರುದಿನವೇ ಗೋಡೆಗೆ ಮೊಳೆಗಳು ಬಂದವು. ಹೆಲ್ಮೆಟ್ಟಿಗೆ, ಚೀಲಕ್ಕೆ, ಬೀಗದ ಕೈಗೆ. ಚಪ್ಪಲಿಗೆ ಹೊರಗೆ ಹಲಗೆ ಬಂತು. ನನ್ನನ್ನು ಅಟ್ಟದಿಂದ ಇಳಿಸಿ ಧೂಳು ಝಾಡಿಸಿದರು. ನನ್ನ ಹೊಸ ಕೆಲಸ ಇಷ್ಟೇ: ಸಂಜೆ ದೀಪ ಹಚ್ಚುವ ಮುಂಚೆ ಅಕ್ಷತಾ ನನ್ನನ್ನು ಹಿಡಿದು ಮನೆಯೆಲ್ಲ ಸುತ್ತಬೇಕು. ಜಾಗ ತಪ್ಪಿದ್ದೆಲ್ಲ ನನ್ನೊಳಗೆ ಬೀಳಬೇಕು. ಯಾರ ಸಾಮಾನೋ ಅವರು ಬಂದು ತೆಗೆದು ಅದರ ಜಾಗದಲ್ಲಿ ಇಟ್ಟ ಮೇಲೆಯೇ ಊಟ. ಕುರ್ಚಿಯಿಂದ ಎದ್ದವರೇ ಅದನ್ನು ಮೇಜಿನ ಕೆಳಗೆ ಸರಿಸಬೇಕು. ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು, ಏಕೆಂದರೆ ಅರ್ಧ ತೆರೆದ ಬಾಗಿಲು ಕಾಣದವರ ಹಣೆಗೆ ಬಡಿಯುತ್ತದೆ.

ಮೊದಮೊದಲು ನಾನು ತುಂಬಿ ತುಳುಕುತ್ತಿದ್ದೆ. ಒಂದು ರಾತ್ರಿ ವೀರೇಶ ಊಟಕ್ಕೆ ಕುಳಿತರೆ ತಟ್ಟೆಯೇ ಬರಲಿಲ್ಲ. "ಏನ ಇದು, ಮಿಲಿಟ್ರಿ ಏನ?" ಎಂದು ಗೊಣಗಿದ. ಅಕ್ಷತಾ ನನ್ನೊಳಗಿಂದ ಅವನ ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಮಂಚದ ಮೇಲೆ ಕುಳಿತಿದ್ದ ನೀಲಗಂಗವ್ವ ವಾಸನೆಯಿಂದಲೇ ಗುರುತು ಹಿಡಿದು ಜೋರಾಗಿ ನಕ್ಕಳು. ಬಿದ್ದ ಮೇಲೆ ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದಿನ ಕಳೆದಂತೆ ನಾನು ಹಗುರಾದೆ. ಬೆಳಗಿನ ಕೂಗಾಟ ತಗ್ಗಿತು. ಸುವರ್ಣಾ ಹೊರಡುವ ಮೊದಲು ಕುಳಿತು ಚಹಾ ಕುಡಿಯತೊಡಗಿದಳು. ಮೊದಲೆಲ್ಲ ನಿಂತೇ ಅರ್ಧ ಕಪ್ಪು ಸುರಿದುಕೊಂಡು ಓಡುತ್ತಿದ್ದಳು. ಅಡುಗೆಮನೆಯಲ್ಲೂ ಡಬ್ಬಿಗಳು ತಮ್ಮ ಜಾಗ ಹಿಡಿದವು. ಮುಟ್ಟಿದರೆ ಗುರುತು ಸಿಗಲೆಂದು ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿದರು, ಸಕ್ಕರೆಯದಕ್ಕೆ ಹಾಕಲಿಲ್ಲ. ನೀಲಗಂಗವ್ವ ಮಂಚದಿಂದ ಬಚ್ಚಲವರೆಗೆ, ಆಮೇಲೆ ಹೊರಗಿನ ಕಟ್ಟೆಯವರೆಗೆ ಒಬ್ಬಳೇ ಬಂದಳು. ಆದರೆ ಒಲೆಯ ಹತ್ತಿರ ಹೋಗಲು ಅವಳಿಗೂ ಧೈರ್ಯವಿರಲಿಲ್ಲ, ಬಿಡಲು ಮನೆಯವರಿಗೂ ಇರಲಿಲ್ಲ.

ಒಂದು ಮಧ್ಯಾಹ್ನ ಸುವರ್ಣಾ ಜ್ವರದಿಂದ ನಡುಗುತ್ತ ಶಾಲೆಯಿಂದ ಬಂದು ನಡುಮನೆಯಲ್ಲೇ ಮಲಗಿದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೀಲಗಂಗವ್ವ ಬಂದು ಸೊಸೆಯ ಹಣೆ ಮುಟ್ಟಿದಳು, ಸೆರಗು ಸಿಕ್ಕಿಸಿ ಅಡುಗೆಮನೆಯ ಕಡೆ ತಿರುಗಿದಳು.

"ಬ್ಯಾಡ್ರಿ ಅತ್ತೀ, ಕೈ ಸುಟ್ಕೋತೀರಿ" ಎಂದಳು ಸುವರ್ಣಾ, ಏಳಲಾಗದೆ.

"ಸುಮ್ನ ಬಿದ್ಕೋ. ಎಲ್ಲೆಲ್ಲೆ ಏನೈತಿ ನನಗ ಗೊತ್ತೈತಿ."

ನಾನು ಅಡುಗೆಮನೆಯ ಬಾಗಿಲ ಪಕ್ಕದಲ್ಲಿದ್ದೆ. ಅವಳ ಕೈ ಡಬ್ಬಿಗಳ ಹಲಗೆಯ ಅಂಚು ಹಿಡಿದು ಸರಿಯಿತು. ರವೆಯ ಡಬ್ಬಿ ಸಿಕ್ಕಿತು. ಪಾತ್ರೆ ತೂಗುಹಾಕಿದಲ್ಲೇ ಇತ್ತು. ಬೆಂಕಿ ಹೊತ್ತಿದ ಸದ್ದಿಗೆ ಕಿವಿಗೊಟ್ಟು ಒಂದು ಕ್ಷಣ ನಿಂತಳು, ಉರಿ ಇಳಿಸಿದಳು. ರಬ್ಬರ್ ಬ್ಯಾಂಡ್ ತಡವಿ ಉಪ್ಪು ಹಾಕಿದಳು. ಸುವರ್ಣಾ ತಲೆ ಎತ್ತಿ ನೋಡುತ್ತಲೇ ಇದ್ದಳು, ಮತ್ತೆ ಬೇಡ ಎನ್ನಲಿಲ್ಲ. ಬಟ್ಟಲು ಕೈಗೆ ಬಂದಾಗ ಗಂಜಿಯನ್ನು ಒಂದು ಗುಟುಕು ಕುಡಿದು, "ಉಪ್ಪು ಬರೋಬ್ಬರಿ ಐತ್ರಿ" ಎಂದಳು. ನೀಲಗಂಗವ್ವ ನೆಲದ ಮೇಲೆ ಕುಳಿತು ಸೊಸೆಯ ಅಂಗಾಲು ಒತ್ತತೊಡಗಿದಳು. ಆಮೇಲೆ ಆಶ್ರಮದ ಮಾತು ಆ ಮನೆಯಲ್ಲಿ ಬರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ತಳದ ಎಳೆಗಳು ಸಡಿಲಾಗಿವೆ. ಮನೆಯೊಳಗೆ ನೀಲಿ ಪ್ಲಾಸ್ಟಿಕ್ ಬುಟ್ಟಿ ಬಂದಿದೆ, ಸಂಜೆಯ ಸುತ್ತು ಅದರದು. ನನ್ನನ್ನು ಅಂಗಳದಲ್ಲಿ ಒಂದು ಕರಿಬೇವಿನ ಸಸಿಯ ಮೇಲೆ ಆಡು ಬಾಯಿ ಹಾಕದಂತೆ ಬೋರಲು ಇಟ್ಟಿದ್ದಾರೆ. ಬಿಸಿಲು ನನ್ನ ಕಂಡಿಗಳಿಂದ ಇಳಿದು ಸಸಿಯ ಮೇಲೆ ಬೀಳುತ್ತದೆ. ನನಗೆ ಇದರಲ್ಲಿ ದುಃಖವಿಲ್ಲ. ತುಂಬಲೆಂದೇ ನನ್ನನ್ನು ಹೆಣೆದಿದ್ದರು, ಆದರೆ ಖಾಲಿಯಾದಷ್ಟೂ ಆ ಮನೆಗೆ ಹೆಚ್ಚು ಉಪಯೋಗಕ್ಕೆ ಬಂದೆ.

ಇವತ್ತು ಬೆಳಿಗ್ಗೆ ನೀಲಗಂಗವ್ವ ಎಂದಿನಂತೆ ಅಂಗಳಕ್ಕೆ ಇಳಿದಳು. ವೀರೇಶ ಬೈಕನ್ನು ದಾರಿಗಡ್ಡ ನಿಲ್ಲಿಸಿದ್ದ. ಅವಳ ಕೈಗೆ ಹ್ಯಾಂಡಲ್ ತಾಗಿತು. ಅವಳು ಸುತ್ತಿ ಹೋಗಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಅಲ್ಲೇ ನಿಂತಳು.

"ವೀರೇಶಾ! ಗಾಡಿ ಯಾಂವ ಇಟ್ಟಾನ ಇಲ್ಲೆ? ಹೊರಗ ಬಾ ಮೊದಲ!"

ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ವೀರೇಶ ಹಾಗೆಯೇ ಓಡಿ ಬಂದ.